ಆಸ್ಪತ್ರೆ ತಿರುವು ಮೊದಲು

ಲಾಂಡ್ರಿ ಮುಂದಿನ ರಸ್ತೆಯನ್ನು ಮತ್ತೆ ಅಗೆದರು. ಹಾಕಿದ ಡಾಂಬರಿನ ವಾಸನೆ ಇನ್ನೂ ಹೋಗಿರಲಿಲ್ಲ. ಅದಕ್ಕೂ ಮುಂಚೆ ಕೇಬಲಿನವರು ಅಗೆದು ಮುಚ್ಚಿದ್ದರು. ಆಮೇಲೆ ಡಾಂಬರು ಬಿತ್ತು. ಈಗ ನೀರಿನ ಪೈಪಿನವರ ಸರದಿ. ಅಗೆದ ಮಣ್ಣನ್ನು ಫುಟ್‌ಪಾತ್ ಮೇಲೆ ಸುರಿದು, ಎರಡು ಕಲ್ಲಿಗೆ ಕೆಂಪು ಪಟ್ಟಿ ಕಟ್ಟಿ ಊಟಕ್ಕೆ ಹೋದ ಕೆಲಸದವರು ಆ ವಾರವೆಲ್ಲ ವಾಪಸ್ ಬರಲಿಲ್ಲ.

ಲಾಂಡ್ರಿಯವನಿಗೆ ಬೀದಿಯವರು ಇಟ್ಟ ಹೆಸರು ಗಂಜಿಯಣ್ಣ. ಅಂಗಿಗೆ ಅವನ ಹಾಗೆ ಗಂಜಿ ಹಾಕುವವರು ಆ ಊರಲ್ಲಿ ಇನ್ನೊಬ್ಬರಿರಲಿಲ್ಲ. ಮಾತಿಗೆ ನಿಂತರೆ ಅವನೂ ಗಂಜಿ ಹಾಕಿದ ಕಾಲರಿನ ಹಾಗೆ ಸೆಟೆದು ನಿಲ್ಲುತ್ತಿದ್ದ. ಅಂಥವನಿಗೂ ಈ ರಸ್ತೆ ವಿಷಯದಲ್ಲಿ ಬೈದು ಬೈದು ಬಾಯಿ ಸೋತಿತ್ತು.

ಆವತ್ತು ಬೆಳಿಗ್ಗೆ ಲಾಡ್ಜಿನ ಬಿಳಿ ಹೊದಿಕೆಗಳನ್ನೆಲ್ಲ ಮಡಿಸಿ, ಗಂಟು ಕಟ್ಟಿ, ಸೈಕಲ್ ಕ್ಯಾರಿಯರಿಗೆ ಬಿಗಿದುಕೊಂಡು ಹೊರಟ. ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯುತ್ತ ಮೈಮೇಲೇ ಬಂತು. ಪಕ್ಕಕ್ಕೆ ಸರಿಯೋಣ ಅಂದರೆ ಪಕ್ಕ ಎಲ್ಲಿದೆ? ಮುಂದಿನ ಚಕ್ರ ಅಗೆದ ಕಡೆ ಇಳಿಯಿತು. ಅವನು ಮಣ್ಣಿನ ಗುಡ್ಡೆ ಮೇಲೆ ಬಿದ್ದ, ಗಂಟು ಕೆಸರಿಗೆ ಬಿತ್ತು. ಮೊಣಕೈ ತರಚಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಒಗೆದು ಒಣಗಿಸಿದ ಬಟ್ಟೆ ನಿಧಾನವಾಗಿ ಕೆಸರು ಹೀರುವುದನ್ನೇ ನೋಡುತ್ತ ಕೂತುಬಿಟ್ಟ.

ಅಷ್ಟನ್ನೂ ಮತ್ತೆ ಒಗೆಯಬೇಕಾಯಿತು. ಗಂಡ ಒಂದೊಂದು ಹೊದಿಕೆ ಜಾಲಿಸುವಾಗಲೂ ಒಂದೊಂದು ಇಲಾಖೆಗೆ ಶಾಪ ಹಾಕಿದ. ಹೆಂಡತಿ ಜೊತೆಗೆ ನಿಂತು ಒಂದೊಂದನ್ನೇ ಹಿಂಡಿ ಹಾಕಿದಳು. ಕೊನೆಗೆ, ನೀವು ಬೈಯೋದು ಪೈಪಿನವರಿಗೆ ಕೇಳಿಸಲ್ಲ, ಎಲ್ಲ ನನ್ನ ಕಿವಿಗೇ ಬಂದು ಬೀಳುತ್ತೆ ಅಂದು ಒಳಗೆ ಹೋದಳು.

ಭಾನುವಾರ ಹೆಂಡತಿಯ ತಂಗಿ ಊಟಕ್ಕೆ ಬಂದಳು. ಅವಳು ನಗರಸಭೆಯ ರಸ್ತೆ ವಿಭಾಗದಲ್ಲಿ ಎಂಜಿನಿಯರು. ಊರಿನ ಯಾವ ಮೂಲೆಯಲ್ಲಿ ಗುಂಡಿ ಬಿದ್ದರೂ ಅಕ್ಕನ ಮನೆಯಲ್ಲಿ ಅದಕ್ಕೆ ಉತ್ತರ ಹೇಳಬೇಕಾದವಳು ಅವಳೇ. ಅವಳು ಚಪ್ಪಲಿ ಬಿಡುವುದಕ್ಕೂ ಮುಂಚೆ ಭಾವ ಶುರು ಹಚ್ಚಿಕೊಂಡ. ಅಗೆಯೋದು, ಮುಚ್ಚೋದು, ಮತ್ತೆ ಅಗೆಯೋದು, ಇದೇ ನಿಮ್ಮ ಕೆಲಸವಾ ಅಂದ. ಅವಳಿಗೂ ಕೇಳಿ ಕೇಳಿ ರೇಗಿಹೋಗಿತ್ತು.

"ಭಾವ, ನೀವು ಅಂಗಿಗೆ ಇಸ್ತ್ರಿ ಹಾಕಿ ಆಮೇಲೆ ಒಗೀತೀರಾ?" ಅಂದಳು.

"ತಲೆ ಸರಿ ಇರೋರು ಯಾರಾದ್ರೂ ಹಾಗೆ ಮಾಡ್ತಾರಾ?"

"ಈ ಊರು ಮಾಡ್ತಿದೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ಎಲ್ಲರೂ ಕೂತು ಗೊತ್ತು ಮಾಡ್ಕೊಂಡಿಲ್ಲ. ಯಾರು ಜೋರಾಗಿ ಕೂಗ್ತಾರೋ ಅವರ ರಸ್ತೆ ಮೊದಲು ಆಗುತ್ತೆ. ಅದರ ಕೆಳಗಿನ ಪೈಪು ಆಮೇಲೆ ನೆನಪಾಗುತ್ತೆ."

ಬಟ್ಟಲು ಮುಂದಿಟ್ಟುಕೊಂಡು ಅವಳು ವಿಷಯ ಬಿಡಿಸಿ ಹೇಳಿದಳು. ಬರುವ ಹತ್ತು ವರ್ಷದಲ್ಲಿ ಊರಿನ ಫುಟ್‌ಪಾತು, ಸೈಕಲ್ ದಾರಿ, ರಸ್ತೆ ದಾಟುವ ಜಾಗ, ದೊಡ್ಡ ರಸ್ತೆ, ಎಲ್ಲದಕ್ಕೂ ಒಂದು ಯೋಜನೆ ಮಾಡುತ್ತಿದ್ದಾರೆ. ಎಲ್ಲವನ್ನೂ ಒಂದೇ ಸಲ ಮಾಡುವುದಕ್ಕೆ ಆಗುವುದಿಲ್ಲ. ಹಾಗಾಗಿ ಮೊದಲು ಯಾವುದು ಎಂದು ಜನರನ್ನೇ ಕೇಳುತ್ತಾರೆ. ಶನಿವಾರ ಸಂಜೆ ಗ್ರಂಥಾಲಯದ ಹಾಲಿನಲ್ಲಿ ಸಭೆ.

ಗಂಜಿಯಣ್ಣ ನಕ್ಕುಬಿಟ್ಟ. ಇಂಥ ಸಭೆ ಎಷ್ಟು ನೋಡಿಲ್ಲ, ಎಲ್ಲ ಮೊದಲೇ ತೀರ್ಮಾನ ಆಗಿರುತ್ತೆ, ನಮ್ಮನ್ನು ಕರೆಯೋದು ಫೋಟೋ ತೆಗೆಯೋಕೆ ಅಂದ. ಅವನಿಗೆ ಬೆಣ್ಣೆ ಹಚ್ಚುವ ತಾಳ್ಮೆ ನಾದಿನಿಗೆ ಉಳಿದಿರಲಿಲ್ಲ.

"ಹೋದ ಸಲದ ಸಭೆಗೆ ಯಾರು ಬಂದಿದ್ರು ಗೊತ್ತಾ? ಕಾರಲ್ಲಿ ಓಡಾಡೋರು. ಅವರು ಕಾರು ನಿಲ್ಲಿಸೋಕೆ ಜಾಗ ಕೇಳಿದ್ರು, ಸಿಕ್ತು. ನಡೆಯೋರು, ಸೈಕಲ್ ತುಳಿಯೋರು ಒಬ್ಬರೂ ಬರಲಿಲ್ಲ. ಬರದೇ ಇದ್ದವರ ಕಷ್ಟ ನಕ್ಷೆಯಲ್ಲಿ ಕಾಣಲ್ಲ ಭಾವ."

ಕಿಟಕಿ ಹತ್ತಿರ ಕೂತು ಗಿರಾಕಿಯ ಅಂಗಿಗೆ ಗುಂಡಿ ಹಾಕುತ್ತಿದ್ದ ಅವನ ತಾಯಿ ಸೂಜಿ ನಿಲ್ಲಿಸಿದರು. "ಅಲ್ಲಿ ಆಸ್ಪತ್ರೆ ತಿರುವಿನ ವಿಷಯವೂ ಕೇಳ್ತಾರಾ?" ಅಂದರು.

ಎಲ್ಲರೂ ಅವರ ಕಡೆ ತಿರುಗಿದರು. ಮಂಡಿಗೆ ವ್ಯಾಯಾಮ ಮಾಡಿಸಲು ಅವರು ವಾರಕ್ಕೊಮ್ಮೆ ಆಸ್ಪತ್ರೆಗೆ ನಡೆದು ಹೋಗುತ್ತಿದ್ದರು. ಈಚೆಗೆ ಬಿಟ್ಟಿದ್ದರು. ನೋವು ಜಾಸ್ತಿಯಾಗಿದೆ, ನಡೆಯೋಕಾಗಲ್ಲ ಅಂತ ಮನೆಯಲ್ಲಿ ಹೇಳಿದ್ದರು, ಮನೆಯವರು ನಂಬಿದ್ದರು.

"ನಡೆಯೋಕಾಗುತ್ತಪ್ಪ. ಆ ರಸ್ತೆ ದಾಟೋಕಾಗಲ್ಲ. ಅಲ್ಲಿವರೆಗೂ ಹೋಗಿ, ನಿಂತು ನಿಂತು ವಾಪಸ್ ಬಂದುಬಿಡ್ತಿದ್ದೆ."

"ಹೇಳಬಾರದಾಗಿತ್ತಾ ಅಮ್ಮ?"

"ಹೇಳಿದ್ರೆ ನೀನು ಅಂಗಡಿ ಮುಚ್ಚಿಕೊಂಡು ಜೊತೆಗೆ ಬರಬೇಕಾಗಿತ್ತು" ಅಂದು ತಾಯಿ ಮತ್ತೆ ಸೂಜಿ ಎತ್ತಿಕೊಂಡರು.

ಗಂಜಿಯಣ್ಣನಿಗೆ ಆಮೇಲೆ ಊಟ ಸೇರಲಿಲ್ಲ. ಮಾರನೇ ದಿನ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ತಾಯಿಯನ್ನು ಕರೆದುಕೊಂಡು ಹೊರಟ.

ಆ ತಿರುವಿನಲ್ಲಿ ಅವನು ದಿನಾ ಸೈಕಲ್ ಮೇಲೆ ಹೋಗುತ್ತಿದ್ದ. ನಡೆದು ಹೋಗಿದ್ದು ಅದೇ ಮೊದಲು. ಫುಟ್‌ಪಾತ್ ಅರ್ಧಕ್ಕೆ ಟ್ರಾನ್ಸ್‌ಫಾರ್ಮರ್ ಕೂತಿತ್ತು, ಇನ್ನರ್ಧದಲ್ಲಿ ಬೈಕುಗಳು. ತಾಯಿ ರಸ್ತೆಗೇ ಇಳಿದು ಗೋಡೆಗೆ ಒತ್ತಿಕೊಂಡು ನಡೆದರು. ತಿರುವಿಗೆ ಬಂದು ನಿಂತರು. ಒಂದು ಕಡೆಯ ಗಾಡಿ ಕಡಿಮೆಯಾದರೆ ಇನ್ನೊಂದು ಕಡೆ ಬಸ್ಸು ಬರುತ್ತಿತ್ತು. ಕಾಲಿಗೆ ಪಟ್ಟಿ ಹಾಕಿಸಿಕೊಂಡು ಊರುಗೋಲು ಹಿಡಿದವನೊಬ್ಬ ಎರಡು ಹೆಜ್ಜೆ ಮುಂದಿಟ್ಟು ಮೂರು ಹೆಜ್ಜೆ ಹಿಂದಕ್ಕೆ ಬಂದ. ಶಾಲೆ ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದು, ಕಣ್ಣು ಮುಚ್ಚಿಕೊಂಡವರ ಹಾಗೆ ಓಡಿದರು. ತಾಯಿ ಮಗನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಅವರ ಉಗುರಿನ ಗುರುತು ಅವನ ಚರ್ಮದ ಮೇಲೆ ಮೂಡಿತ್ತು. ಇಂಥ ಕಡೆ ಇವರು ಒಬ್ಬರೇ ಬಂದು ನಿಲ್ಲುತ್ತಿದ್ದರಲ್ಲ ಅನ್ನಿಸಿತು. ಬರುವ ಗಾಡಿಗಳಿಗೆ ಕೈ ಅಡ್ಡ ಹಿಡಿದು ತಾಯಿಯನ್ನು ದಾಟಿಸಿದ.

ಸಭೆಗೆ ಹೋಗುತ್ತೇನೆ ಅಂತ ಅವನು ಹೇಳಿದ್ದೇ ತಡ, ಎದುರಿನ ಹಾರ್ಡ್‌ವೇರ್ ಅಂಗಡಿಯ ಮೊಳೆ ಸಾಹುಕಾರ ಬೀದಿಯವರನ್ನೆಲ್ಲ ಸೇರಿಸಿಬಿಟ್ಟ. ನಮ್ಮ ಬೀದಿಯವರು ಎಲ್ಲರೂ ಹೋಗೋಣ, ನಮ್ಮ ಬೀದಿಯೇ ಮೊದಲು ಅನ್ನೋಣ, ಒಬ್ಬರೂ ಆಚೀಚೆ ಆಗಬಾರದು ಅಂತ ಎಲ್ಲರಿಂದ ಮಾತು ತೆಗೆದುಕೊಂಡ. ಗಂಜಿಯಣ್ಣನೂ ತಲೆಯಾಡಿಸಿದ್ದ.

ಶನಿವಾರ ಗ್ರಂಥಾಲಯದ ಹಾಲ್ ತುಂಬಿತ್ತು. ಗೋಡೆಯಷ್ಟಗಲದ ನಕ್ಷೆ ಅಂಟಿಸಿದ್ದರು. ಬಂದವರಿಗೆಲ್ಲ ಮೂರು ಮೂರು ಕೆಂಪು ಚುಕ್ಕೆ ಕೊಟ್ಟರು. ಎಲ್ಲಿ ಕೆಲಸ ಮೊದಲು ಆಗಬೇಕೋ ಅಲ್ಲಿ ಅಂಟಿಸಬೇಕು. ಅದಕ್ಕೂ ಮುಂಚೆ ಮಾತು. ಒಬ್ಬರು ಮಾರುಕಟ್ಟೆಗೆ ಮೇಲ್ಸೇತುವೆ ಬೇಕೆಂದರು. ಇನ್ನೊಬ್ಬರು ಹೊಸ ಬಡಾವಣೆಯ ರಸ್ತೆ ಅಗಲ ಮಾಡಿ ಎಂದರು. ಪ್ರತಿಯೊಬ್ಬರೂ ತಮ್ಮ ಮನೆ ಮುಂದಿನದೇ ಮೊದಲು ಎನ್ನುತ್ತಿದ್ದರು. ಹಿಂದಿನ ಸಾಲಿನಲ್ಲಿ ಯಾರೋ, ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರೋರು ಯಾರು ಅಂದರು. ಸುತ್ತಲಿನವರು ನಕ್ಕರು, ಆದರೆ ಯಾರೂ ಪಲ್ಲಕ್ಕಿ ಇಳಿಯಲಿಲ್ಲ.

ಗಂಜಿಯಣ್ಣ ಎದ್ದು, ಹೋದ ಸಲ ಹೇಳಿದ್ದೆಲ್ಲ ಏನಾಯ್ತು ಅಂತ ಕೇಳಿದ. ಸಭೆ ನಡೆಸುತ್ತಿದ್ದ ನಗರಸಭೆ ಅಧಿಕಾರಿ ಸುತ್ತಿಬಳಸಲಿಲ್ಲ. ಅರ್ಧ ಆಗಿಲ್ಲ, ಆದದ್ದರಲ್ಲೂ ಕೆಲವನ್ನು ಮತ್ತೆ ಅಗೆಯಬೇಕಾಯಿತು ಎಂದರು. ಆಮೇಲೆ ನಾದಿನಿ ನಕ್ಷೆ ಹತ್ತಿರ ಬಂದು ನಿಂತಳು. ಎಲ್ಲಿ ಜನ ಹೆಚ್ಚು ಓಡಾಡುತ್ತಾರೆ, ಎಲ್ಲಿ ಬೀಳುತ್ತಾರೆ, ನೆಲದ ಕೆಳಗಿನ ಯಾವ ಕೆಲಸ ಬಾಕಿ ಇದೆ, ಯಾವುದು ಬೇಗ ಮುಗಿಯುತ್ತದೆ, ಇಷ್ಟನ್ನು ಯೋಚಿಸಿ ಚುಕ್ಕೆ ಅಂಟಿಸಿ ಎಂದಳು. ಲಾಂಡ್ರಿ ಬೀದಿಯ ಹಳೇ ಪೈಪು ಪೂರ್ತಿ ಬದಲಾಗುವವರೆಗೆ ಅಲ್ಲಿ ಡಾಂಬರು ಹಾಕಿದರೆ ಮತ್ತೆ ಕೀಳಬೇಕಾಗುತ್ತದೆ ಅನ್ನುವುದನ್ನೂ ಮುಚ್ಚಿಡಲಿಲ್ಲ. ಮೊಳೆ ಸಾಹುಕಾರನ ಮುಖ ಗಂಟಾಯಿತು.

ಗಂಜಿಯಣ್ಣ ಚುಕ್ಕೆ ಹಿಡಿದು ನಕ್ಷೆ ಮುಂದೆ ನಿಂತ. ಅವನ ಅಂಗಡಿ ಬೀದಿ ಕಣ್ಣೆದುರಿಗೇ ಇತ್ತು. ಬೀದಿಯವರೆಲ್ಲ ಹಿಂದೆ ನಿಂತು ಅವನ ಕೈಯನ್ನೇ ನೋಡುತ್ತಿದ್ದರು. ಮಳೆ ಬಂದರೆ ಇನ್ನೂ ಎಷ್ಟು ಸಲ ಗಂಟು ಕೆಸರಿಗೆ ಬೀಳುತ್ತದೋ ಅನ್ನುವುದೂ ತಲೆಗೆ ಬಂತು. ಆದರೂ ಮೊದಲನೇ ಚುಕ್ಕೆಯನ್ನು ಆಸ್ಪತ್ರೆ ತಿರುವಿಗೆ ಅಂಟಿಸಿದ. ಎರಡನೆಯದನ್ನು ಕಾರ್ಮಿಕರು ಸೈಕಲ್‌ನಲ್ಲಿ ಕಾರ್ಖಾನೆಗೆ ಹೋಗುವ ರಸ್ತೆಗೆ. ಮೂರನೆಯದನ್ನು ತನ್ನ ಬೀದಿಗೆ.

"ಕೊಟ್ಟ ಮಾತು ಎಲ್ಲಿ ಹೋಯ್ತು ಗಂಜಿಯಣ್ಣ?" ಅಂದ ಸಾಹುಕಾರ.

"ನಮ್ಮ ಬೀದಿಲಿ ಬಟ್ಟೆ ಬೀಳುತ್ತೆ ಸಾಹುಕಾರ್ರೇ, ಮತ್ತೆ ಒಗೀಬಹುದು. ಅಲ್ಲಿ ಜನ ಬೀಳ್ತಾರೆ. ನಮ್ಮಮ್ಮ ಅಲ್ಲಿಗೆ ಹೋಗಿ ಹೆದರಿ ವಾಪಸ್ ಬರ್ತಿದ್ರು. ನಿಮ್ಮ ಮನೇಲೂ ವಯಸ್ಸಾದವರಿದ್ದಾರೆ, ಅವರನ್ನೊಂದು ಸಲ ಕೇಳಿ."

ಸೇರಿದ್ದವರಲ್ಲಿ ಕೆಲವರು ಚುಕ್ಕೆ ಹಿಡಿದುಕೊಂಡೇ ಯೋಚನೆಗೆ ಬಿದ್ದರು. ಸಾಹುಕಾರ ಮಾತ್ರ ತನ್ನ ಮೂರನ್ನೂ ಒಂದೇ ಕಡೆ ಗುದ್ದಿ ಅಂಟಿಸಿ ಹೊರಟುಹೋದ. ಆಮೇಲೆ ಲಾಂಡ್ರಿಗೆ ಬಟ್ಟೆ ಕೊಡುವುದನ್ನೂ ನಿಲ್ಲಿಸಿದ. ಎದುರು ಅಂಗಡಿಯಲ್ಲಿ ಸುಕ್ಕು ಅಂಗಿ ತೊಟ್ಟುಕೊಂಡು ಕೂರುತ್ತಿದ್ದ. ಗಂಜಿಯಣ್ಣನಿಗೆ ಅದನ್ನು ನೋಡುವುದೇ ಒಂದು ಹಿಂಸೆ.

ಕೆಲವು ತಿಂಗಳಾದ ಮೇಲೆ ತೀರ್ಮಾನ ಬಂತು. ಆಸ್ಪತ್ರೆ ತಿರುವು ಮೊದಲನೇ ವರ್ಷ, ಕಾರ್ಖಾನೆ ರಸ್ತೆಯ ಸೈಕಲ್ ದಾರಿ ಅದರ ಹಿಂದೆಯೇ. ಲಾಂಡ್ರಿ ಬೀದಿಯಲ್ಲಿ ಮೊದಲು ಪೈಪು, ಚರಂಡಿ, ಆಮೇಲೆ ಫುಟ್‌ಪಾತು, ಎಲ್ಲಕ್ಕಿಂತ ಕೊನೆಗೆ ಡಾಂಬರು. ಅಷ್ಟಾಗುವುದಕ್ಕೆ ಮೂರನೇ ವರ್ಷ. ಮೇಲ್ಸೇತುವೆ ಬೇಕೋ ಬೇಡವೋ ಅಂತ ಆಮೇಲೆ ನೋಡೋಣ ಎಂದರು.

ತೀರ್ಮಾನ ಆದ ಮಾತ್ರಕ್ಕೆ ಕೆಲಸ ತಾನೇ ನಡೆದುಬಿಡುತ್ತದೆಯೇ? ತಿರುವಿನ ಕೆಲಸ ತಡವಾಗಿ ಶುರುವಾಯಿತು, ಮಳೆಗೆ ನಿಂತಿತು, ಮಳೆ ಹೋದ ಮೇಲೂ ನಿಂತೇ ಇತ್ತು. ಗಂಜಿಯಣ್ಣ ನಗರಸಭೆಗೆ ಅಲೆದ. ಒಬ್ಬನೇ ಹೋದರೆ ನಾಳೆ ಬನ್ನಿ ಎನ್ನುತ್ತಾರೆಂದು ಗೊತ್ತಾದ ಮೇಲೆ ಬೀದಿಯವರನ್ನೂ ಕರೆದುಕೊಂಡು ಹೋದ. ಕೊನೆಗೆ ಟ್ರಾನ್ಸ್‌ಫಾರ್ಮರ್ ಪಕ್ಕಕ್ಕೆ ಸರಿಯಿತು. ಸಿಗ್ನಲ್ ಬಂತು. ರಸ್ತೆ ನಡುವೆ ನಿಂತು ಸುಧಾರಿಸಿಕೊಳ್ಳಲು ಒಂದು ಕಟ್ಟೆ ಬಂತು. ಅದಕ್ಕೆ ಹತ್ತುವ ಅಂಚನ್ನು ಮಾತ್ರ ಇಷ್ಟೆತ್ತರ ಕಟ್ಟಿಬಿಟ್ಟಿದ್ದರು. ಇದನ್ನ ಹತ್ತೋಕೆ ಮಂಡಿ ಸರಿ ಇರಬೇಕು, ಮಂಡಿ ಸರಿ ಇದ್ರೆ ನಾನು ಆಸ್ಪತ್ರೆಗೆ ಯಾಕೆ ಬರ್ತೀನಿ ಅಂತ ತಾಯಿ ಅಲ್ಲೇ ನಿಂತು, ಕೆಲಸ ನೋಡಲು ಬಂದಿದ್ದ ಮಗನ ನಾದಿನಿಯನ್ನು ತರಾಟೆಗೆ ತೆಗೆದುಕೊಂಡರು. ಅವಳು ತಲೆ ಮೇಲೆ ಕೈ ಹೊತ್ತಳು. ಅಂಚನ್ನು ಒಡೆದು ಇಳಿಜಾರು ಮಾಡಿಸಿದರು.

ಬೀದಿಯ ಪೈಪಿನ ಕೆಲಸ ಶುರುವಾದಾಗ ಮೊಳೆ ಸಾಹುಕಾರನ ಅಂಗಡಿ ಮುಂದೆಯೇ ಹಳೇ ಪೈಪು ಕಿತ್ತರು. ತುಕ್ಕು ತಿಂದು ಜರಡಿಯಾಗಿತ್ತು. ಇದರ ಮೇಲೆ ಡಾಂಬರು ಬಿದ್ದಿದ್ದರೆ ಏನಾಗುತ್ತಿತ್ತು ಅನ್ನುವುದು ಅವನಿಗೂ ಕಂಡಿತು. ಅವನ ಅಪ್ಪ ಆಗಲೇ ಕೋಲೂರಿಕೊಂಡು ಆಸ್ಪತ್ರೆಗೆ ಒಬ್ಬರೇ ಹೋಗಿ ಬರುತ್ತಿದ್ದರು. ಸಾಹುಕಾರ ಒಂದು ಗಂಟು ಸುಕ್ಕು ಅಂಗಿಗಳನ್ನು ತಂದು ಲಾಂಡ್ರಿಯ ಮೇಜಿನ ಮೇಲೆ ಇಟ್ಟ. ಯಾವುದು ಎಲ್ಲಿವರೆಗೆ ಬಂತು ಅಂತ ನಗರಸಭೆ ವರ್ಷಕ್ಕೊಮ್ಮೆ ಸಭೆ ಕರೆಯುತ್ತಂತಲ್ಲ, ಹೋಗುವಾಗ ಕೂಗು, ನಾನೂ ಬರ್ತೀನಿ ಅಂದ.

ಗಂಜಿಯಣ್ಣನ ಸಿಟ್ಟು ಈಗಲೂ ಮೂಗಿನ ತುದಿಯಲ್ಲೇ ಇದೆ. ಬೀದಿಯ ಕೆಲಸ ಮುಗಿಯಲು ಇನ್ನೂ ಸಮಯವಿದೆ. ಅವನು ಈಗಲೂ ಸೈಕಲ್ ಇಳಿದು ತಳ್ಳಿಕೊಂಡೇ ಹೋಗುತ್ತಾನೆ, ಈಗಲೂ ಗೊಣಗುತ್ತಾನೆ. ಆದರೆ ವಾರಕ್ಕೊಂದು ಸಲ ತಾಯಿ ಚೀಲ ಹಿಡಿದು ಹೊರಟಾಗ, ಜೊತೆಗೆ ಬರಲಾ ಅಂತ ಕೇಳಿದರೆ, ನಿನ್ನ ಕೆಲಸ ನೀನು ನೋಡ್ಕೋ ಅಂತ ಅವರು ನಡೆದುಬಿಡುತ್ತಾರೆ. ಗೊಣಗಿ ಪ್ರಯೋಜನವಿಲ್ಲ ಅನ್ನುತ್ತಿದ್ದ ಹೆಂಡತಿಯೇ ಈಗ ಸಭೆಯ ದಿನವನ್ನು ನೆನಪಿಟ್ಟುಕೊಂಡು ಅಂಗಡಿ ಬೇಗ ಮುಚ್ಚಿಸುತ್ತಾಳೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಲ್ಲೂ ಇಂಥ ಸಭೆ ಕರೆದಾರು. ಕರೆಯದಿದ್ದರೆ, ಯಾಕೆ ಕರೆಯಲಿಲ್ಲ ಅಂತ ಹೋಗಿ ಕೇಳಿ. ಹೋಗುವ ಮುಂಚೆ ನಿಮ್ಮ ಮನೆಯ ಹಿರಿಯರನ್ನು, ಶಾಲೆಗೆ ನಡೆದು ಹೋಗುವ ಮಕ್ಕಳನ್ನು, ಸೈಕಲ್ ತುಳಿದು ಕೆಲಸಕ್ಕೆ ಹೋಗುವವರನ್ನು, ನಿಮಗೆ ಭಯ ಆಗುವುದು ಎಲ್ಲಿ ಅಂತ ವಿಚಾರಿಸಿ. ಅವರ ಭಯ ಇರುವ ಕಡೆಯೇ ಕೆಲಸ ಮೊದಲು ಆಗಲಿ. ನಿಮ್ಮ ಬೀದಿ ಎರಡನೆಯದೋ ಮೂರನೆಯದೋ ಆದರೆ ಬೇಸರವಾಗುತ್ತದೆ, ಆಗಲಿ. ಸರದಿ ಬರುವವರೆಗೆ ಸುಮ್ಮನೆ ಕೂರಬೇಡಿ, ಪ್ರತಿ ವರ್ಷ ಹೋಗಿ ಲೆಕ್ಕ ಕೇಳಿ. ಮನೆಯಲ್ಲಿ ಕೂತು ಬೈದರೆ ಮನೆಯವರ ಕಿವಿ ನೋಯುತ್ತದೆ ಅಷ್ಟೇ. ಆ ಮಾತನ್ನೇ ಸಭೆಯಲ್ಲಿ ಎದ್ದು ನಿಂತು ಹೇಳಿ.