ಯಾರ ಲಾಗಿನ್

ಸಲೈನ್ ಸ್ಟ್ಯಾಂಡು ಮೂರನೇ ಸಲ ಇಳಿದಾಗ ಖಾಲಿದನ ಮಣಿಕಟ್ಟು ಮುರಿದ ಸದ್ದು ಬಾಗಿಲಿನ ಈಚೆಗೂ ಕೇಳಿಸಿತು. ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಪರ್ಲ ಸರ್ವರ್ ಕೋಣೆಯ ಚಿಲಕ ಹಾಕಿಕೊಂಡು ಗಾಜಿನ ಹಿಂದೆ ನಿಂತಿದ್ದಳು. ಹೊರಗೆ ಕೌಂಟರಿನ ಮುಂದೆ ಹಲಬರ್ಗಾ ಊರಿನ ಏಳೆಂಟು ಜನ ಚೀಟಿ ಬರೆಯುವ ಖಾಲಿದನನ್ನು ನೆಲಕ್ಕೆ ಕೆಡವಿದ್ದರು. ಸ್ಟ್ಯಾಂಡು ಹಿಡಿದವನು ಕೈಲಾಶ. ಅವನ ತಾಯಿ ಕೌಸಲ್ಯಾಬಾಯಿ ಆ ಬೆಳಿಗ್ಗೆ ಇಂಜೆಕ್ಷನ್ ಕೊಟ್ಟ ಹತ್ತು ನಿಮಿಷಕ್ಕೆ ಉಸಿರು ಕಟ್ಟಿ ಸತ್ತಿದ್ದಳು.

"ಪೆನಿಸಿಲಿನ್ ಆಗಂಗಿಲ್ಲಂತ ಭರ್ತಿ ಮಾಡೋ ಮುಂದ ನಾನೇ ಇವನ ಕಡಿಂದ ಬರಸೀನಿ." ಕೈಲಾಶ ಒಂದೊಂದು ಮಾತಿಗೂ ಒಂದೊಂದು ಏಟು ಹಾಕುತ್ತಿದ್ದ. "ನರ್ಸ್ ಅಂತಾಳ, ಕಂಪ್ಯೂಟರದಾಗ ಇಲ್ಲಂತ. ಎಲ್ಲಿ ಹೋಯ್ತದು?"

"ನಾ ಅಳಿಸಿಲ್ರಿ... ಖುದಾನ ಕಸಮ್, ನಾ ಅಳಿಸಿಲ್ರಿ."

ಖಾಲಿದನ ಬಾಯಲ್ಲಿ ರಕ್ತ ತುಂಬಿತ್ತು. ಯಾರೋ ಆ ಬಾಯಿಗೇ ಒದ್ದರು.

"ಪೊಲೀಸರಿಗಿ ಫೋನ್ ಹಚ್ಚೀನಿ, ಬರ್ತಾರ," ಎಂದ ಮ್ಯಾನೇಜರ್ ವೈಜಿನಾಥ. ಅವನೂ ಒಳಗೇ, ಕಪಾಟಿನ ಮರೆಗೆ ನಿಂತಿದ್ದ. "ನೀವು ಅಳಿಸಿದವರು ಯಾರಂತ ನೋಡ್ರಿ."

ಪರ್ಲ ಕುಳಿತಳು. ಹುಡುಕಲು ಬಹಳ ಹೊತ್ತು ಹಿಡಿಯಲಿಲ್ಲ. ಒಂದೇ ಹೆಸರಿನ ಎರಡು ರೋಗಿ ಕಾರ್ಡುಗಳನ್ನು ಸೇರಿಸಿ ಒಂದು ಮಾಡುವ ಪ್ರೋಗ್ರಾಮು ಇನ್ನೂ ಓಡುತ್ತಿತ್ತು. ಹೋದ ವರ್ಷ ಬಂದು ಹೋದ ಠಾಣಾ ಕುಶನೂರದ ಒಬ್ಬ ಕೌಸಲ್ಯಾಬಾಯಿಯ ಕಾರ್ಡಿನೊಳಕ್ಕೆ ಹಲಬರ್ಗಾದವಳನ್ನು ಅದು ಸೇರಿಸಿಬಿಟ್ಟಿತ್ತು. ಪೆನಿಸಿಲಿನ್ ಮಾತು ಅಲ್ಲೇ ಅಳಿಸಿಹೋಗಿತ್ತು. ಪ್ರೋಗ್ರಾಮು ಬರೆದವಳು ಪರ್ಲ. ಸೋಮವಾರ ಪರೀಕ್ಷೆ ಮಾಡಿ ನೋಡಿ, ಆಗಲೇ ನಿಲ್ಲಿಸಿದ್ದಳು. ಮತ್ತೆ ಶುರು ಮಾಡಿದವರು ಯಾರು?

ಅದು ಓಡುತ್ತಿದ್ದುದು ಮುಖ್ಯ ಖಾತೆಯ ಹೆಸರಿನಲ್ಲಿ. ಅದರ ಪಾಸ್‌ವರ್ಡು ಅವಳಿಗೆ, ವೈಜಿನಾಥನಿಗೆ, ಖಾಲಿದನಿಗೆ ಮೂವರಿಗೂ ಗೊತ್ತಿತ್ತು. ಆ ಹೆಸರಿನಿಂದ ಏನೂ ತಿಳಿಯುವಂತಿರಲಿಲ್ಲ. ಆದರೆ ಆಮೇಲೆ ಯಾವ ಹೆಸರಿನಲ್ಲಿ ಕೆಲಸ ಮಾಡಿದರೂ, ಮೊದಲು ಒಳಗೆ ಬಂದವರು ಯಾರು, ಯಾವ ಯಂತ್ರದಿಂದ, ಎಷ್ಟು ಹೊತ್ತಿಗೆ ಎಂಬ ಗುರುತನ್ನು ಸಿಸ್ಟಮ್ಮು ಪ್ರತಿ ಪ್ರೋಗ್ರಾಮಿಗೂ ಅಂಟಿಸಿ ಇಟ್ಟಿರುತ್ತದೆ. ನೇರವಾಗಿ ಸಿಸ್ಟಮ್ಮನ್ನೇ ಕರೆದು ಕೇಳಬೇಕು, ಅಷ್ಟೆ. ಓಡುತ್ತಿದ್ದ ಪ್ರೋಗ್ರಾಮಿನ ನಂಬರು ಕೊಟ್ಟು ಅವಳು ಕೇಳಿದಳು.

ಮೂರು ಸಾಲು ಬಂದವು. ಲಾಗಿನ್: ಪರ್ಲ. ಯಂತ್ರ: ಇದೇ ಕೋಣೆಯದು. ಸೆಷನ್ ಶುರುವಾದದ್ದು: ಸೋಮವಾರ, ಹತ್ತು ಗಂಟೆ ಹನ್ನೆರಡು ನಿಮಿಷ.

ಯಾರೂ ಮತ್ತೆ ಶುರು ಮಾಡಿರಲಿಲ್ಲ. ಅವಳು ಮುಚ್ಚಿದ್ದು ಬರೀ ಪರದೆಯ ಮೇಲಿನ ಕಿಟಕಿಯನ್ನು. ನಾಲ್ಕು ದಿನದಿಂದ ಅದು ಓಡುತ್ತಲೇ ಇತ್ತು.

ಈಗ ಅದನ್ನು ನಿಜಕ್ಕೂ ನಿಲ್ಲಿಸಿ ಪರ್ಲ ತಲೆ ಎತ್ತಿದಳು. ವೈಜಿನಾಥ ಅವಳ ಹೆಗಲ ಮೇಲಿಂದ ಎಲ್ಲವನ್ನೂ ಓದಿದ್ದ.

"ಖಾಲಿದಗೂ ಪಾಸ್‌ವರ್ಡ್ ಗೊತ್ತದಲ್ಲ," ಎಂದ ಮೆಲ್ಲಗೆ. "ಅವನ ಹೆಸರ ಹೇಳೋಣ್ರಿ. ಹ್ಯಾಂಗೂ ಬಡಿಸ್ಕೊಂಡಾನ."

ಹೊರಗೆ ಈಗ ಖಾಲಿದ ಕೂಗುತ್ತಿರಲಿಲ್ಲ. ಏಟಿನ ಸದ್ದು ಮಾತ್ರ ಬರುತ್ತಿತ್ತು. ಪರ್ಲ ಚಿಲಕಕ್ಕೆ ಕೈ ಹಾಕಿದಳು. ವೈಜಿನಾಥ ಅವಳ ರಟ್ಟೆ ಹಿಡಿದ. ಅವಳು ಉಗುರು ಊರಿ ಬಿಡಿಸಿಕೊಂಡು ಹೊರಗೆ ಬಂದಳು.

"ಅವನ್ನ ಬಿಡ್ರಿ. ಅಳಿಸಿದ್ದು ನನ್ನ ಪ್ರೋಗ್ರಾಮ್. ಬಂದ್ ಮಾಡೀನಂತ ತಿಳ್ಕೊಂಡಿದ್ದೆ, ಆಗಿದ್ದಿಲ್ಲ."

ಕೈಲಾಶ ಏದುಸಿರು ಬಿಡುತ್ತ ತಿರುಗಿದ. "ಅಂದ್ರ?"

"ಅಂದ್ರ ನಿಮ್ಮವ್ವ ಸತ್ತಿದ್ದು ನನ್ನಿಂದ್ರಿ. ಇವನಿಂದಲ್ಲ."

ಸ್ಟ್ಯಾಂಡಿನ ಕಬ್ಬಿಣ ಅವಳ ಕಿವಿಗೆ ಬಿತ್ತು. ಕೌಂಟರಿನ ಅಂಚಿಗೆ ಬಡಿದು ಅವಳು ಮೊಣಕಾಲೂರಿದಳು. ಎರಡನೇ ಏಟಿಗೆ ಎತ್ತಿದ ಕೈ ಮೇಲೇ ನಿಂತಿತು. ಕೈಲಾಶ ನೆಲದ ಮೇಲಿದ್ದವನನ್ನು ನೋಡುತ್ತಿದ್ದ. ಮುರಿದ ಕೈ ಮೈಯಡಿ ಸಿಕ್ಕಿತ್ತು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಕೈಲಾಶ ಸ್ಟ್ಯಾಂಡನ್ನು ಸರ್ವರ್ ಕೋಣೆಯ ಬಾಗಿಲಿಗೆ ಎಸೆದ. ಗಾಜು ನೆಲದ ತುಂಬ ಚೂರಾಯಿತು. ಅದರ ನಡುವೆಯೇ ಅವನು ಕುಕ್ಕರಿಸಿದ.

"ನಿನ್ನ ಹೆಸರೇನೋ?" ಎಂದು ಖಾಲಿದನನ್ನು ಕೇಳಿದ.

ಖಾಲಿದ ತೆರೆದಿದ್ದ ಒಂದು ಕಣ್ಣನ್ನೂ ಮುಚ್ಚಿಕೊಂಡ.

ಪೊಲೀಸರು ಬಂದಾಗ ಖಾಲಿದನನ್ನು ಆಪರೇಷನ್ ಕೋಣೆಗೆ ಒಯ್ದಾಗಿತ್ತು. ಪರ್ಲ ಹೇಳಿಕೆ ಬರೆಸಿ ಸಹಿ ಹಾಕಿದಳು. ಕಿವಿಗೆ ಪಟ್ಟಿ ಕಟ್ಟಲು ಯಾರಿಗೂ ನೆನಪಾಗಿರಲಿಲ್ಲ. ಜೀಪಿನಲ್ಲಿ ಕೈಲಾಶನನ್ನು ಕರೆದೊಯ್ದರು. ಅದು ತಿರುಗಿ ಬರುವವರೆಗೆ ಆಪರೇಷನ್ ಕೋಣೆಯ ಎದುರಿನ ಬೆಂಚಿನ ಮೇಲೆ ಕೂರಲು ಅವಳಿಗೆ ಹೇಳಿದ್ದರು.

ಚಿದ್ರಿಯಿಂದ ಆಟೋದಲ್ಲಿ ಬಂದ ಖಾಲಿದನ ಹೆಂಡತಿ ಕುಬರಾ ಆಪರೇಷನ್ ಕೋಣೆಯ ಬಾಗಿಲು ತಟ್ಟಿ, ಯಾರೂ ತೆರೆಯದ್ದರಿಂದ ಬೆಂಚಿಗೆ ಬಂದು ಪರ್ಲಳ ಪಕ್ಕ ಕುಳಿತಳು. ಕಿವಿಯ ರಕ್ತ ಕಂಡು ಇತ್ತ ತಿರುಗಿದಳು.

"ನಿಮಗೂ ಬಡದಾರಲ್ರೀ ಅಕ್ಕಾ."

ಪರ್ಲ ಹೇಳಿಬಿಡಲು ಬಾಯಿ ತೆರೆದಳು.

"ಮಾತಾಡಬ್ಯಾಡ್ರಿ, ರಕ್ತ ಭಾಳ ಬರ್ತದ." ಕುಬರಾ ದುಪಟ್ಟಾದ ಸೆರಗನ್ನು ಅವಳ ಕಿವಿಗೆ ಒತ್ತಿ ಹಿಡಿದಳು. ತಿಳಿಹಳದಿ ಬಟ್ಟೆ ಮೆಲ್ಲಗೆ ತೊಯ್ಯತೊಡಗಿತು. ಅದು ಪೂರ್ತಿ ಕೆಂಪಾದಾಗ ಅವಳು ಮಡಿಕೆ ಬಿಡಿಸಿ, ತೊಯ್ಯದ ಕಡೆಯನ್ನು ಹುಡುಕಿ, ಮತ್ತೆ ಒತ್ತಿದಳು.