ಸಂಜೆಯ ಸೀಸೆ

ಮಳೆಗಾಲವು ತನ್ನ ಕೊನೆಯ ಮೋಡಗಳನ್ನು ಮಡಚಿ ಘಟ್ಟದ ಆಚೆಗೆ ಸಾಗಿಸುವ ಆ ದಿನಗಳಲ್ಲಿ ಮಂಗಳೂರಿನ ಸಂಧ್ಯೆಯನ್ನು ನೋಡದವರು, ಸಹೃದಯರೇ, ಕಣ್ಣುಗಳನ್ನು ಬರೀ ನಿದ್ದೆಗೆಂದು ಇಟ್ಟುಕೊಂಡವರು! ನೇತ್ರಾವತಿಯೂ ಫಲ್ಗುಣಿಯೂ ಮುನಿಸು ಮರೆತ ಅಕ್ಕತಂಗಿಯರಂತೆ ಅಳಿವೆಯ ಬಾಯಲ್ಲಿ ತಬ್ಬಿಕೊಂಡು, ತಮ್ಮ ಕೆನ್ನೀರನ್ನು ಕಡಲಿನ ನೀಲಿಮೆಗೆ ಸುರಿಯುವ ಹೊತ್ತು... ಪಣಂಬೂರಿನಾಚೆ ಬಂದರಿನ ಕರೆಗಾಗಿ ಕಾದು ನಿಂತ ಹಡಗುಗಳು, ಒಂದೊಂದೂ ಒಂದೊಂದು ತಾಲೂಕಿನಷ್ಟು ದೊಡ್ಡವು. ಅವುಗಳ ಬೆನ್ನಿಗೆ ಇಳಿಯುವ ಸೂರ್ಯನೋ, ಜಿಲ್ಲೆಯಷ್ಟು ದೊಡ್ಡವನು! ಹಂಚಿನ ಮಾಡುಗಳ ಮೇಲೆ ಅವನು ಚೆಲ್ಲುವ ಕುಂಕುಮಕಾಂತಿ ಎಂಥದೆಂದರೆ ಮಣ್ಣಗುಡ್ಡದ ಗೃಹಿಣಿಯರು ರಾತ್ರಿಯಾದದ್ದು ತಿಳಿಯದೆ ಮತ್ತೊಮ್ಮೆ ಚಹಾಕ್ಕೆ ನೀರಿಡುತ್ತಾರೆ. ಮೀನುದೋಣಿಗಳ ದಕ್ಕೆಯ ಕಡೆಯಿಂದ ತೇಲಿಬರುವ ಬಂಗುಡೆ ಮೀನಿನ ಪರಿಮಳ... ಹೌದು, ಪರಿಮಳವೇ, ಅದನ್ನು ವಾಸನೆ ಎನ್ನುವವರು ಘಟ್ಟದ ಮೇಲಿನವರು!

ಇಂಥ ಸ್ವರ್ಗಸದೃಶ ನಗರಿಗೆ ಬಂದೂ ಶರೊನ್ ಎಂಬ ತರುಣಿ, ಕಸ್ಟಮ್ಸ್ ಅಧಿಕಾರಿ ಪ್ರಯಾಣಿಕರ ಪೆಟ್ಟಿಗೆಯನ್ನು ನೋಡುವಂತೆ, ಎಲ್ಲವನ್ನೂ ಕಣ್ಣು ಕಿರಿದಾಗಿಸಿ ನೋಡುತ್ತಿದ್ದಳು.

ಅವಳು ಬಹ್ರೇನಿನಲ್ಲಿ ಬೆಳೆದವಳು, ಅಲ್ಲಿಯೇ ನರ್ಸ್. ಹಾಲುಹಲ್ಲಿನ ಕಾಲದಲ್ಲಿ ಒಮ್ಮೆ ಅಜ್ಜಿಯ ಮನೆಗೆ ಬಂದದ್ದು ಬಿಟ್ಟರೆ ಈ ಕರಾವಳಿಯನ್ನು ಕಂಡವಳಲ್ಲ. ಈಗ ಬಂದದ್ದು ಫ್ಲೋಯ್ಡನನ್ನು ಕಾಣಲು. ಕಾವೂರಿನ ಫ್ಲೋಯ್ಡ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ವರ್ಷವಿಡೀ ಫೋನಿನಲ್ಲಿ ಅವನಾಡಿದ ಮೃದುಮಾತುಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಸಮುದ್ರದ ಮೇಲೆ ಸೇತುವೆಯೇ ಆಗುತ್ತಿತ್ತು! ಬರುವ ಭಾನುವಾರ, ಇಗರ್ಜಿಯ ಪೂಜೆ ಮುಗಿದ ಮೇಲೆ, ಎರಡೂ ಮನೆಯವರ ಎದುರು ಅವಳು ಮದುವೆಗೆ ಹೌದೋ ಅಲ್ಲವೋ ಎನ್ನಬೇಕು. ಅವಳ ಷರತ್ತು ಒಂದೇ: ಹುಡುಗ ಕುಡಿಯುವವನಾಗಿರಬಾರದು. ಅಪ್ಪ ಝೇವಿಯರ್ ಕುಡಿತದಲ್ಲಿ ಮೊದಲು ನಗುವನ್ನೂ, ಆಮೇಲೆ ನೌಕರಿಯನ್ನೂ, ಕಡೆಗೆ ತನ್ನನ್ನೂ ಕಳೆದುಕೊಂಡಿದ್ದ. ಆ ಮೇಲೆ ಅಮ್ಮ ಮನೆಯೊಳಗೆ ಹೆಂಡದ ಹೆಸರನ್ನೂ ಎತ್ತಗೊಡಲಿಲ್ಲ. ಬಾಗಿಲಿನಾಚೆ ತೊದಲುವ ಹೆಜ್ಜೆಗಳಿಗೆ ಕಿವಿಗೊಟ್ಟು ಬೆಳೆದ ಮಗುವಿನ ಸಂಶಯ ದೊಡ್ಡವಳಾದ ಮೇಲೂ ಮಲಗುವುದಿಲ್ಲ...

"ನಾನು ಕುಡಿಯುವುದಿಲ್ಲ," ಎಂದಿದ್ದ ಫ್ಲೋಯ್ಡ್. ಅವಳು ನಂಬಿದ್ದಳು. ಅಂದರೆ, ನಂಬಲು ಬಹಳ ಇಷ್ಟಪಟ್ಟಿದ್ದಳು.

ಮೊದಲ ರಾತ್ರಿ ಮಣ್ಣಗುಡ್ಡದಲ್ಲಿ ಚಿಕ್ಕಮ್ಮ ಫಿಯೋನಾಳ ಮನೆಯಲ್ಲಿ ಊಟ. ಹಂದಿ ಸಾರಿನ ಜೊತೆಗೆ ಸನ್ನ, ಅಂದರೆ ಆವಿಯಲ್ಲಿ ಉಬ್ಬಿ ಬೆಂದ, ಇಡ್ಲಿಯಂಥ ಆ ಬಿಳಿಬಿಳಿ ಅಕ್ಕಿಯ ಕಡುಬು, ಬಟ್ಟಲು ತುಂಬ. ಶರೊನ್ ಒಂದು ತುತ್ತು ಬಾಯಿಗಿಟ್ಟು, ಉಳಿದದ್ದನ್ನು ತಟ್ಟೆಯ ಅಂಚಿಗೆ ಸರಿಸಿದಳು.

"ಎಂತ ಬಾಯೆ, ಸರಿಯಾಗಲಿಲ್ವಾ?" 'ಮಗಳೇ' ಎಂಬರ್ಥದ ಚಿಕ್ಕಮ್ಮನ ಆ 'ಬಾಯೆ'ಯಲ್ಲಿ ಆಗಲೇ ಗುಡುಗು.

"ಒಳ್ಳೆಯದುಂಟು ಚಿಕ್ಕಮ್ಮ. ಆದರೆ ಅಜ್ಜಿ ಮಾಡುತ್ತಿದ್ದದ್ದು ಬೇರೆಯೇ. ಆ ರುಚಿ ಮತ್ತೆ ಎಲ್ಲಿಯೂ ಸಿಗಲಿಲ್ಲ. ಅದು ಸಿಕ್ಕಿದರೆ ಊರಿಗೆ ಬಂದೆ ಅಂತ ಅನಿಸೀತು."

"ಬಹ್ರೇನಿನಲ್ಲಿ ನಿನ್ನ ನಾಲಗೆಗೆ ಮರಳು ಹೊಕ್ಕಿದೆ," ಎಂದಳು ಫಿಯೋನಾ. ಊಟಕ್ಕೆ ಬಂದು ಎದುರು ಕುಳಿತಿದ್ದ ಫ್ಲೋಯ್ಡ್ ನಗಲಿಲ್ಲ; ತಟ್ಟೆಯನ್ನೇ ನೋಡುತ್ತಿದ್ದ.

ಮರುದಿನದಿಂದ ಅವನು ಅವಳಿಗೆ ಊರು ತೋರಿಸಿದ. ಲೈಟ್‌ಹೌಸ್ ಗುಡ್ಡ, ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದಾಟುವ ದೋಣಿ, ಐಸ್‌ಕ್ರೀಮಿನ ಬೆಟ್ಟವನ್ನೇ ಗ್ಲಾಸಿನಲ್ಲಿ ನಿಲ್ಲಿಸುವ ಅಂಗಡಿಗಳು... ದೋಣಿಯಲ್ಲಿ ಗಾಳಿಗೆ ಅವಳ ಕೂದಲು ಅವನ ಭುಜ ತಾಗಿದಾಗ ಅರಬ್ಬೀ ಸಮುದ್ರವೇ ಒಂದು ಅಲೆ ತಪ್ಪಿಸಿತು ಎಂದರೆ ನಂಬಬೇಕು ನೀವು! ಆದರೆ ದಿನವೂ ನಾಲ್ಕು ಗಂಟೆಯಾಗುತ್ತಲೇ ಅವನ ದೃಷ್ಟಿ ಗಡಿಯಾರದತ್ತ ಜಾರುತ್ತಿತ್ತು.

"ಒಂದು ಕೆಲಸ ಉಂಟು. ನಾಳೆ ಸಿಗುತ್ತೇನೆ."

"ಎಂತ ಕೆಲಸ?"

"ಮತ್ತೆ ಹೇಳುತ್ತೇನೆ."

ಪ್ರೇಮಿಗೆ 'ಆಮೇಲೆ' ಎಂಬರ್ಥದ ಕರಾವಳಿಯ ಈ 'ಮತ್ತೆ'ಗಿಂತ ಉದ್ದನೆಯ ಶಬ್ದ ಯಾವ ನಿಘಂಟಿನಲ್ಲಿಯೂ ಇಲ್ಲ! ಒಂದು ಬೆಳಿಗ್ಗೆ ಅವನ ಸ್ಕೂಟರಿನ ಡಿಕ್ಕಿಯಲ್ಲಿ ಕೊಡೆ ಇಡಲು ಹೋದಾಗ ಅವಳ ಕೈಗೆ ತಗುಲಿದ್ದು ಪತ್ರಿಕೆಯ ಹಾಳೆ ಸುತ್ತಿದ ಖಾಲಿ ಸೀಸೆ. ಬಿರಡೆ ತೆಗೆದಳು. ಮೂಸಿದಳು. ಹುಳಿಹುಳಿಯಾದ ಘಾಟು ಮೂಗಿಗೆ ಹೊಡೆಯಿತು... ಅದು ಅಪ್ಪನ ಅಂಗಿಯ ಘಾಟೇ ಅಲ್ಲದಿರಬಹುದು. ಆದರೆ ಅವಳ ಮೂಗಿಗೆ ಹೆಂಡದ ಕುಲಗೋತ್ರಗಳ ಭೇದವಿರಲಿಲ್ಲ. ಆಷಾಢದ ಮಧ್ಯಾಹ್ನ ಒಮ್ಮೆಲೇ ಕವಿಯುವ ಕತ್ತಲಂತೆ ಅವಳ ಎದೆ ಕಪ್ಪಿಟ್ಟಿತು. ಆ ದಿನವೆಲ್ಲ ಅವನ ಪ್ರತಿಯೊಂದು ನಗುವನ್ನೂ ಅವಳು ಥರ್ಮಾಮೀಟರಿನಂತೆ ಬೆಳಕಿಗೆ ಹಿಡಿದು ನೋಡಿದಳು.

ಶನಿವಾರ ನಾಲ್ಕು ಗಂಟೆ. ಫ್ಲೋಯ್ಡನ ಸ್ಕೂಟರು ಲೇಡಿಹಿಲ್ ಕಡೆಗೆ ತಿರುಗುತ್ತಲೇ ಅವಳು ಎದುರಿಗೆ ಬಂದ ರಿಕ್ಷಾ ಹತ್ತಿದಳು. ರಿಕ್ಷಾದ ಗಾಜಿನ ಮೇಲೆ ಚಾಲಕನ ಹೆಸರು 'ಅದ್ದು' ಎಂದು ಬರೆದಿತ್ತು.

"ಆ ಸ್ಕೂಟರಿನ ಹಿಂದೆ ಹೋಗಿ. ಅವರಿಗೆ ಗೊತ್ತಾಗಬಾರದು."

ಅದ್ದು ಕನ್ನಡಿಯಲ್ಲಿ ಅವಳನ್ನೊಮ್ಮೆ ಅಳೆದ. "ಎಂತ ಬಾಯಮ್ಮ, ಪೊಲೀಸ್ ಕೇಸಾ, ಮದುವೆ ಕೇಸಾ?"

"ನಾಳೆ ಗೊತ್ತಾಗುತ್ತದೆ."

"ಹಾಗಾದ್ರೆ ಮದುವೆಯದ್ದೇ. ಗಟ್ಟಿ ಹಿಡ್ಕೊಳ್ಳಿ!"

ಆ ರಿಕ್ಷಾ ಓಡಿದ ಪರಿಯನ್ನು ಏನೆಂದು ಬಣ್ಣಿಸಲಿ! ಕೊಟ್ಟಾರದ ಬಸ್ಸುಗಳ ನಡುವೆ ಸೂಜಿಯಂತೆ ಹೊಕ್ಕು, ಕಾವೂರಿನ ಕೆರೆಯನ್ನು ಹಿಂದಿಕ್ಕಿ, ರನ್‌ವೇಯಲ್ಲಿ ಇಳಿಯುತ್ತಿದ್ದ ವಿಮಾನವನ್ನೇ ನಾಚಿಸಿ, ಮರವೂರಿನ ಹೊಳೆಬದಿಗೆ ಬಂದು ನಿಂತಿತು. ಎದುರಿಗೆ ತೆಂಗಿನ ತೋಟ. ತೋಟದಂಚಿನಲ್ಲಿ ಶೇಂದಿ, ಅಂದರೆ ತೆಂಗಿನ ಹೆಂಡ, ಮಾರುವ ಗಡಂಗು. ಫ್ಲೋಯ್ಡ್ ಒಳಗೆ ಹೋದ. ಹೊರಗೆ ಬಂದ... ಕೈಯಲ್ಲಿ ಹಾಳೆ ಸುತ್ತಿದ ಸೀಸೆ! ಬಿರಡೆ ತೆಗೆದು, ಅತ್ತಿತ್ತ ನೋಡಿ, ಒಂದಿಷ್ಟು ಬಾಯಿಗೆ ಹಾಕಿಕೊಂಡ. ಚಪ್ಪರಿಸಿದ. ತಲೆಯಾಡಿಸಿದ.

ಶರೊನಳ ಕಣ್ಣಲ್ಲಿ ಹೊಳೆ, ತೋಟ, ಆಕಾಶ ಎಲ್ಲ ಕಲಸಿಹೋದವು.

"ಬಾಯಮ್ಮ, ಅಳುವುದಾದ್ರೆ ಸ್ವಲ್ಪ ಮುಂದೆ ಹೋಗಿ ಅಳುವ," ಎಂದ ಅದ್ದು ತಗ್ಗಿದ ದನಿಯಲ್ಲಿ. "ನನ್ನ ಗಾಡಿ ಗಡಂಗಿನ ಎದುರು ನಿಂತದ್ದನ್ನು ನನ್ನ ಭಾವ ಕಂಡ್ರೆ ಇವತ್ತು ಮನೆಯಲ್ಲಿ ನನಗೂ ಒಂದು ಕೇಸ್ ಉಂಟು!"

"ಅವರ ಹಿಂದೆಯೇ ಹೋಗಿ," ಎಂದಳು ಅವಳು. ಅತ್ತು ಹಿಂತಿರುಗುವುದಕ್ಕಿಂತ ಎದುರು ನಿಂತು 'ಅಲ್ಲ' ಎನ್ನುವುದು ಅವಳಿಗೆ ಸುಲಭವಾಗಿತ್ತು.

ಕಾವೂರಿನಲ್ಲಿ ಫ್ಲೋಯ್ಡನ ಮನೆಯ ಅಡುಗೆಕೋಣೆಯ ಬಾಗಿಲು ತೆರೆದೇ ಇತ್ತು. ಅವಳು ಬಿರುಗಾಳಿಯಂತೆ ಹೊಕ್ಕಳು, ಹೊಕ್ಕವಳು ನಿಂತೇಬಿಟ್ಟಳು. ಅಲ್ಲಿ ಕುರುಕ್ಷೇತ್ರ ಆಗಷ್ಟೇ ಮುಗಿದಿತ್ತು! ಗೋಡೆಗೆ ಅಕ್ಕಿಹಿಟ್ಟು, ಕಿಟಕಿಗೆ ಅಕ್ಕಿಹಿಟ್ಟು, ಬೆಕ್ಕಿನ ಮೀಸೆಗೂ ಅಕ್ಕಿಹಿಟ್ಟು. ಒಲೆಯ ಮೇಲೆ ಆವಿಪಾತ್ರೆ ಬುಸುಗುಡುತ್ತಿತ್ತು. ಅದರ ಮುಂದೆ ತಾಯಿಯ ಏಪ್ರನ್ ಕಟ್ಟಿಕೊಂಡ ಫ್ಲೋಯ್ಡ್. ಕೈಯಲ್ಲಿ ಆ ಸೀಸೆ.

"ಊದಿ," ಎಂದಳು ಶರೊನ್.

"ಎಂತ?"

"ಬಾಯಿ ತೆರೆದು ಊದಿ. ನಾನು ನರ್ಸ್. ನನಗೆ ಗೊತ್ತಾಗುತ್ತದೆ."

ಅವನ ಮುಖ ಹಿಟ್ಟಿಗಿಂತ ಬಿಳುಪಾಯಿತು. "ಊದುವ ಮೊದಲೇ ಹೇಳುತ್ತೇನೆ. ಒಂದು ಗುಟುಕು ಬಾಯಿಗೆ ಹಾಕಿದ್ದೇನೆ. ತಾಜಾ ಉಂಟಾ, ಹುಳಿ ಬಂದಿದೆಯಾ ಅಂತ ನೋಡಲಿಕ್ಕೆ. ದಿನವೂ ನೋಡಿದ್ದೇನೆ. ಸುಳ್ಳು ಹೇಳುವುದಿಲ್ಲ." ಬಳಿಕ ಮೆಲ್ಲನೆ ಊದಿದ.

ಇಷ್ಟು ಸನಿಹದಲ್ಲಿ ಆ ಎರಡು ಮುಖಗಳು ಹಿಂದೆಂದೂ ಇದ್ದಿರಲಿಲ್ಲ. ಅವನ ಉಸಿರಿನಲ್ಲಿ ಅವನು ಒಪ್ಪಿಕೊಂಡಷ್ಟೇ ಇತ್ತು. ಒಂದು ಹನಿ ಹೆಚ್ಚಿಲ್ಲ. ಅಪ್ಪ ಯಾವತ್ತೂ ಕೇಳುವ ಮೊದಲು ಹೇಳಿದವನಲ್ಲ... ಅವಳ ಬಿಗಿದ ಮುಷ್ಟಿ ಅವಳಿಗೇ ತಿಳಿಯದಂತೆ ಸಡಿಲವಾಯಿತು. ಆದರೂ ಕಣ್ಣು ಸೀಸೆಯ ಮೇಲೆಯೇ.

"ಮತ್ತೆ ಇದು ಯಾರಿಗೆ?"

ಉತ್ತರ ಬಂದದ್ದು ಮೂಲೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಅವನ ತಾಯಿ ರೊಸಾಲಿನಳಿಂದ. "ನಿನಗೆ, ಬಾಯೆ! ನೀನು ಅಜ್ಜಿಯ ಸನ್ನ ಅಂತ ಹೇಳಿದ ದಿನದಿಂದ ಇವನಿಗೆ ಹುಚ್ಚು ಹಿಡಿದಿದೆ. ಈಗ ನಾವೆಲ್ಲ ಯೀಸ್ಟ್ ಹಾಕುವುದು. ಆಗ ಸನ್ನ ಉಬ್ಬಬೇಕಾದರೆ ಶೇಂದಿಯೇ ಬೇಕಿತ್ತು. ನಿನ್ನ ಅಜ್ಜಿ ಹಾಕಿದ್ದೂ ಅದೇ. ನಿನ್ನ ಅಮ್ಮ ಹೇಳಲಿಲ್ವಾ?"

ಇಲ್ಲ, ಅಮ್ಮ ಹೇಳಿರಲಿಲ್ಲ. ಹೆಸರೆತ್ತದ ಆ ಮನೆಯಲ್ಲಿ ಹೇಳುವುದಾದರೂ ಹೇಗೆ?

"ಸರ್‌ಪ್ರೈಸ್ ಕೊಡುವ ಅಂತ ಮಾಡಿದೆ," ಎಂದ ಫ್ಲೋಯ್ಡ್. "ನಿನ್ನ ಅಪ್ಪನ ವಿಷಯ ಗೊತ್ತಿದ್ದೂ ನಿನಗೆ ಮೊದಲೇ ಹೇಳದ್ದು ನನ್ನ ಪೆದ್ದುತನ. ಸನ್ನ ಒಂದು ದಿನವೂ ಸರಿಯಾಗಲಿಲ್ಲ."

"ಕೆಮಿಸ್ಟ್ರಿ ಮಾಸ್ಟ್ರು!" ತಾಯಿ ಮೂದಲಿಸಿದಳು. "ನಿನ್ನೆಯದ್ದನ್ನು ಕಾಗೆಗೆ ಹಾಕಿದೆ. ಕಾಗೆ ಮುನಿಸಿಕೊಂಡು ಹೋಯಿತು ಮಾರಾಯ್ತಿ. ಹೆದ್ದಾರಿಯ ಹೊಂಡ ಮುಚ್ಚಲಿಕ್ಕೆ ಆದೀತು, ಅಷ್ಟು ಗಟ್ಟಿ!"

ನಿನ್ನೆಯ ಶೇಂದಿಯಲ್ಲಿ ಕಲಸಿದ್ದ ಹಿಟ್ಟನ್ನು ತಾಯಿ ಆಗಲೇ ಬೇಯಲು ಇಟ್ಟಿದ್ದಳು. ಅವನು ಆವಿಪಾತ್ರೆಯ ಮುಚ್ಚಳ ತೆಗೆದ. ಮೇಲೆದ್ದ ಬಿಳಿಯ ಆವಿಯಲ್ಲಿ ಒಂದು ಕ್ಷಣ ಮೂವರೂ ಕಾಣದಾದರು. ಆವಿ ಸರಿದಾಗ ಬಟ್ಟಲುಗಳಲ್ಲಿ ಕುಳಿತಿದ್ದವು... ಒಂದಷ್ಟು ಕುಸಿದವು, ಒಂದಷ್ಟು ವಾಲಿದವು. ನಡುವಿನದೊಂದು ಮಾತ್ರ ಶರತ್ಕಾಲದ ಮೋಡದ ಮರಿಯಂತೆ ಉಬ್ಬಿ ನಿಂತಿತ್ತು. ಶರೊನ್ ಅದನ್ನು ಮುರಿದು ಬಾಯಿಗಿಟ್ಟಳು.

ಮೆತ್ತನೆ, ಸಿಹಿ, ಅದರ ಹಿಂದಿನಿಂದ ನಸುಹುಳಿ... ಅಜ್ಜಿಯ ಸೆರಗು, ಹೊಗೆ ಹಿಡಿದ ಕಿಟಕಿ, ತನ್ನ ಪುಟ್ಟ ಕಾಲುಗಳು ನೆಲಕ್ಕೆಟುಕದ ಬೆಂಚು! ಯಾವ ಘಾಟಿಗೆ ಬಾಳೆಲ್ಲ ಬಾಗಿಲು ಮುಚ್ಚಿದ್ದಳೋ, ಅದೇ ಈ ರುಚಿಯ ಒಳಗೆ ಅಡಗಿ ಕುಳಿತಿತ್ತು. ಅವಳು ಅತ್ತಳು. ಎಷ್ಟೆಂದರೆ, ಕಾವೂರಿನ ಕೆರೆ ಆ ವರ್ಷ ಬೇಸಿಗೆಯಲ್ಲಿಯೂ ಬತ್ತಲಿಲ್ಲ!

ಪಕ್ಕದಲ್ಲಿ ನಾಳೆಗೆಂದು ರುಬ್ಬಿಟ್ಟ ಹಿಟ್ಟು ಕಾಯುತ್ತಿತ್ತು. ಫ್ಲೋಯ್ಡ್ ಸೀಸೆಯನ್ನು ಹಿಂದಕ್ಕೆ ಸರಿಸಿದ. "ನಿನಗೆ ಬೇಡವಾದರೆ ಚೆಲ್ಲುತ್ತೇನೆ. ಯೀಸ್ಟ್ ಹಾಕುವ."

ಹೆಂಡದ ಸೀಸೆಯನ್ನು ಅಪ್ಪನ ಕೈಯಿಂದ ಕಸಿಯಲು, ಇಲ್ಲವೇ ಮೂಸಿ ಶಂಕಿಸಲು ಅಲ್ಲದೆ ಬೇರೆ ಯಾವುದಕ್ಕೂ ಮುಟ್ಟಿರದ ಆ ಕೈ ಮುಂದೆ ಬಂತು. ಅವಳು ಸೀಸೆ ತೆಗೆದುಕೊಂಡಳು. ಹಿಟ್ಟಿಗೆ ಸುರಿದಳು. ಕಡೆಯ ಹನಿಯವರೆಗೂ.

"ನಾಳೆ ಪೂಜೆಯ ನಂತರ ಎಲ್ಲರಿಗೂ ಇದನ್ನೇ ಬಡಿಸುವ," ಎಂದಳು. "ಇನ್ನು ಮುಂದೆ ರುಚಿ ನೋಡುವ ಕೆಲಸ ನನ್ನದು."

"ಹಾಗಾದರೆ ಹೌದಾ?"

"ಉಬ್ಬಲಿ, ನೋಡುವ."

ಗೇಟಿನಲ್ಲಿ ಅದ್ದು ಇನ್ನೂ ಕಾಯುತ್ತಿದ್ದ. "ಕೇಸ್ ಎಂತಾಯ್ತು ಬಾಯಮ್ಮ?" ಎಂದು ಕೂಗಿದ. ಅವಳು ಬಟ್ಟಲು ಹಿಡಿದು ಹೋಗಿ, ಅದರಲ್ಲಿ ಏನುಂಟೆಂಬುದನ್ನು ಮೊದಲೇ ಹೇಳಿದಳು. ಅವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. "ಯಾ ಅಲ್ಲಾ, ಅದು ಬೇಡ! ಯೀಸ್ಟಿನದ್ದು ಮಾಡಿದ ದಿನ ಹೇಳಿ, ಹೆಂಡತಿ ಮಕ್ಕಳ ಜೊತೆ ಬರ್ತೇನೆ."

ಕಡಲ ಕಡೆ ಆಗಲೇ ಕೆಂಪು ಕರಗುತ್ತಿತ್ತು... ಅಡುಗೆಕೋಣೆಯ ಮೂಲೆಯಲ್ಲಿ, ಬಟ್ಟೆ ಮುಚ್ಚಿದ ಪಾತ್ರೆಯೊಳಗೆ ಯಾರ ಕಣ್ಣಿಗೂ ಬೀಳದೆ ಹಿಟ್ಟು ಮೆಲ್ಲನೆ ಉಸಿರಾಡತೊಡಗಿತ್ತು. ಆಹಾ, ಮಾನವಹೃದಯವೇ! ಎಂದೋ ಸುಟ್ಟ ಗಾಯದ ಮೇಲೆ ಕೈಯಿಟ್ಟುಕೊಂಡು ಪ್ರತಿಯೊಂದು ಬೆಳಕನ್ನೂ ಬೆಂಕಿಯೆಂದು ನೀನು ಶಂಕಿಸುತ್ತೀಯೆ. ಆ ಶಂಕೆಯ ಬೆನ್ನು ಹತ್ತಿಯೇ ಕೆಲವೊಮ್ಮೆ, ನಿನಗಾಗಿ ಒಲೆ ಹಚ್ಚಿದ ಮನೆಯೊಂದರ ಬಾಗಿಲಿಗೆ ಬಂದು ನಿಲ್ಲುತ್ತೀಯೆ. ಆ ಮೇಲೆ ಮಾಡಬೇಕಾದದ್ದು ಇಷ್ಟೇ... ಕಡೆಯ ಹನಿಯವರೆಗೂ ಸುರಿಯುವುದು, ಬಟ್ಟೆ ಮುಚ್ಚುವುದು, ಮತ್ತು ಮುಚ್ಚಿದ್ದನ್ನು ಮತ್ತೆ ಮತ್ತೆ ತೆರೆದು ನೋಡದೆ ಬೆಳಗಿಗಾಗಿ ಕಾಯುವುದು.