ವನಜಮ್ಮನ ದೋಣಿಗೆ ಹೊಸ ಮೋಟಾರು

ಭದ್ರಾ ಹಿನ್ನೀರಿನ ಆಚೆ ದಡದಲ್ಲಿ ಹೊನ್ನೆಗದ್ದೆ ಎಂಬ ಪುಟ್ಟ ಊರು. ಅಲ್ಲಿಂದ ಮುತ್ತಿನಕೊಪ್ಪಕ್ಕೆ ಬಂದು ಬಸ್ಸು ಹಿಡಿಯಬೇಕಾದರೆ ಒಂದೋ ಕಾಡು ಸುತ್ತಿಕೊಂಡು ಅರ್ಧ ದಿನ ನಡೆಯಬೇಕು, ಇಲ್ಲವೇ ವನಜಮ್ಮನ ದೋಣಿ ಹತ್ತಬೇಕು. ಹಾಗಾಗಿ ಎರಡು ಸಾವಿರದ ಆರನೇ ಇಸವಿಯ ಚಳಿಗಾಲದಲ್ಲಿ ಒಂದು ದಿನ ಆ ದೋಣಿಯ ಮೋಟಾರು ನಡುನೀರಿನಲ್ಲಿ ಕಿರ್ರೆಂದು ಕೂಗಿ ನಿಂತಾಗ, ಊರಿಗೆ ಊರೇ ದಡದಲ್ಲಿ ಕೈಕಟ್ಟಿ ಕೂತಂತಾಯಿತು.

ವನಜಮ್ಮ ಮಾತ್ರ ಹೆದರಲಿಲ್ಲ. ದೋಣಿಯಲ್ಲಿದ್ದವರಿಗೆ ಅಲುಗಾಡದೆ ಕೂರಲು ಹೇಳಿ, ಹುಟ್ಟು ಹಾಕಿಕೊಂಡು ಎಲ್ಲರನ್ನೂ ದಡ ಮುಟ್ಟಿಸಿದಳು. ಹಿನ್ನೀರಿನ ಅಡಿಯಲ್ಲಿ ಹಳೆಯ ಕಾಡೊಂದು ಮುಳುಗಿದೆ. ನೀರು ಇಳಿದಂತೆ ಸತ್ತ ಮರಗಳ ಬೊಡ್ಡೆಗಳು ತಲೆ ಎತ್ತುತ್ತವೆ. ಯಾವ ಬೊಡ್ಡೆ ಎಲ್ಲಿ ಅಡಗಿದೆ ಎಂಬುದು ಆಕೆಗೆ ಬಾಯಿಪಾಠ. ಆಕೆ ದೋಣಿ ನಡೆಸುವಾಗ ಮುದುಕರೂ ನಿಶ್ಚಿಂತೆಯಿಂದ ಎಲೆಅಡಿಕೆ ಮೆಲ್ಲುತ್ತಿದ್ದರು.

ಮಾರನೆಯ ದಿನ ನರಸಿಂಹರಾಜಪುರದಿಂದ ಯಶವಂತ ಬಂದ. ಅವನು ವನಜಮ್ಮನ ಗಂಡ ಸುಬ್ಬಯ್ಯನ ಚಿಕ್ಕಪ್ಪನ ಮಗ. ಮಲ್ಪೆಯಲ್ಲಿ ಮೀನುದೋಣಿಗಳ ಮೋಟಾರು ರಿಪೇರಿ ಕಲಿತು ಬಂದು ಪೇಟೆಯಲ್ಲಿ ಅಂಗಡಿ ಇಟ್ಟಿದ್ದ. ಮೋಟಾರು ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದ.

"ಪಿಸ್ಟನ್ ಕಚ್ಚಿಕೊಂಡಿದೆ ಅತ್ತಿಗೆ. ಇದು ಟೂ ಸ್ಟ್ರೋಕು. ಇದಕ್ಕೆ ಆಯಿಲ್ಲು ಪೆಟ್ರೋಲಿನ ಜೊತೆಗೇ ಹೋಗ್ಬೇಕು. ಕಡಿಮೆ ಬಿದ್ರೆ ಒಳಗೆಲ್ಲ ಒಣಗಿ ಹೀಗಾಗ್ತದೆ. ಯಾರು ಬೆರೆಸಿದ್ದು?"

ಸುಬ್ಬಯ್ಯ ಆಕಾಶ ನೋಡಿದ. "ಗಡಿಬಿಡೀಲಿ ಅಂದಾಜಿಗೆ ಹುಯ್ದೆ ಮಾರಾಯ."

"ಹೋಗ್ಲಿ, ಇಂಥದ್ದೇ ಇನ್ನೊಂದು ಹಳೇದು ಹುಡುಕಿ ಕೊಡು," ಎಂದಳು ವನಜಮ್ಮ. "ನಂಗೆ ಇದರ ಗುಣ ಗೊತ್ತು. ಪ್ಲಗ್ ಬಿಚ್ಚಿ ಒರೆಸಿದ್ರೆ ಮತ್ತೆ ಹೊರಡ್ತದೆ."

"ಹುಡುಕಬಹುದು. ಆದ್ರೆ ಒಂದ್ಸಲ ಫೋರ್ ಸ್ಟ್ರೋಕ್ ನೋಡಿ. ಅದರಲ್ಲಿ ಆಯಿಲ್ಲಿಗೆ ಬೇರೆ ಜಾಗ ಇದೆ, ಪೆಟ್ರೋಲಿಗೆ ಬೆರೆಸೋ ಕೆಲ್ಸವೇ ಇಲ್ಲ. ಅಷ್ಟೇ ದೂರಕ್ಕೆ ಪೆಟ್ರೋಲೂ ಕಡಿಮೆ ಕುಡೀತದೆ. ಹಳೇ ನಮೂನೆದು ಸುಡದೆ ಉಳಿದ ಆಯಿಲ್ಲು ಪೆಟ್ರೋಲನ್ನ ಹೊಗೆ ಜೊತೆ ನೀರಿಗೇ ಬಿಡ್ತದೆ."

ದೋಣಿಗಾಗಿ ಕಾದು ಕೂತಿದ್ದ ನೆರೆಮನೆಯ ಗುಡ್ಡಮ್ಮ ಥಟ್ಟನೆ ಕಿವಿ ನಿಮಿರಿಸಿದಳು. "ದಡದ ಹತ್ರ ಬಣ್ಣಬಣ್ಣದ ಪೊರೆ ತೇಲ್ತದಲ್ಲ, ಅದು ಇದರದ್ದಾ?"

"ಇದರದ್ದೇ ಗುಡ್ಡಮ್ಮ."

"ಅಯ್ಯೋ, ಅದೇ ನೀರಲ್ಲಿ ನಾವು ಪಾತ್ರೆ ತೊಳೆಯೋದು! ಮೀನು ಸಾರು ಮಾಡಿದ್ರೆ ಸೀಮೆಎಣ್ಣೆ ವಾಸನೆ ಅಂತ ನಮ್ಮನೆಯವ್ರು ನಂಗೆ ಬೈಯೋದು!"

ವನಜಮ್ಮನ ಮುಖ ಕಪ್ಪಿಟ್ಟಿತು. ತನ್ನ ದೋಣಿಯಿಂದ ಊರಿಗೆ ಉಪಕಾರವಾಗುತ್ತಿದೆ ಎಂದಷ್ಟೇ ಆಕೆ ತಿಳಿದಿದ್ದಳು. ಆದರೂ ಸುಲಭಕ್ಕೆ ಒಪ್ಪುವ ಹೆಂಗಸಲ್ಲ. ವಾರದೊಳಗೆ ಯಶವಂತ ಪರೀಕ್ಷೆಗೆಂದು ಒಂದು ಫೋರ್ ಸ್ಟ್ರೋಕ್ ತಂದು ಕೂರಿಸುವಾಗ, ಅದನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡಳು.

"ಎಂತ ಭಾರ ಮಾರಾಯ ಇದು!"

"ಭಾರ ಹೌದು, ಸುಳ್ಳು ಹೇಳಲ್ಲ. ಬೆಲೇನೂ ಜಾಸ್ತಿ. ದೋಣಿ ಹಿಂದಿನ ಹಲಗೆ ಗಟ್ಟಿ ಇರ್ಬೇಕು. ಆಯಿಲ್ಲು ಹೊತ್ತುಹೊತ್ತಿಗೆ ಬದಲಾಯಿಸ್ಬೇಕು. ಎಲ್ಲಾ ನೋಡಿ, ಆಮೇಲೆ ಹೇಳಿ."

ವನಜಮ್ಮ ಹಗ್ಗ ಎಳೆದಳು. ಮೋಟಾರು ಹೊರಟಿತು. ಹೊರಟಿದ್ದು ಗೊತ್ತಾಗದೆ ಆಕೆ ಮತ್ತೆ ಹಗ್ಗಕ್ಕೆ ಕೈ ಹಾಕಿದಳು. ಎಲ್ಲರೂ ನಕ್ಕರು.

"ಹೊಗೆ ಇಲ್ಲ, ಗಲಾಟೆ ಇಲ್ಲ. ಇದು ಮೋಟಾರೋ, ಹೊಲಿಗೆ ಮಿಷನ್ನೋ?" ಎಂದು ಗೊಣಗಿದಳು.

ಸದ್ದು ಮಾಡದ ಮೋಟಾರಿಗೆ ಕಸುವು ಎಲ್ಲಿಂದ ಬರಬೇಕು ಎಂಬ ಅನುಮಾನ ಆಕೆಯ ಮನಸ್ಸಿನಿಂದ ಹೋಗಲಿಲ್ಲ.

ಮೂರ್ನಾಲ್ಕು ದಿನ ಕಳೆದಿರಬೇಕು. ಬೆಳಿಗ್ಗೆ ಹಿನ್ನೀರಿನ ಮೇಲೆ ಮಂಜು ದಟ್ಟವಾಗಿ ಕವಿದಿತ್ತು. ಎದುರಿಗೆ ಬರುವವರಿಗೆ ತಿಳಿಯಲೆಂದು ಸುಬ್ಬಯ್ಯ ಮುಂದೆ ಕೂತು ಸೀಟಿ ಊದುತ್ತಿದ್ದ. ಗುಡ್ಡಮ್ಮ ಸಂತೆಗೆ ಹೊರಟಿದ್ದಳು. ವನಜಮ್ಮ ದೋಣಿಯನ್ನು ನಿಧಾನಕ್ಕೆ ನಡೆಸುತ್ತಿದ್ದವಳು ಇದ್ದಕ್ಕಿದ್ದಂತೆ ಕೈ ಎತ್ತಿದಳು.

"ಸುಮ್ನಿರಿ. ಯಾರೋ ಕೂಗ್ತಿದ್ದಾರೆ."

ಎಲ್ಲರೂ ಉಸಿರು ಹಿಡಿದರು. ಎಡಗಡೆ ಬೊಡ್ಡೆಗಳ ಸಾಲಿನ ಕಡೆಯಿಂದ ಕ್ಷೀಣವಾಗಿ ಬಂತು: "ಯಾರಾದ್ರೂ ಇದ್ದೀರಾ..."

ಆ ಸಾಲಿನೊಳಗೆ ದೋಣಿ ನುಗ್ಗಿಸುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ. ವನಜಮ್ಮ ಮೋಟಾರಿನ ವೇಗವನ್ನು ತೀರಾ ಇಳಿಸಿದಳು. ಹಳೆಯದಾಗಿದ್ದರೆ ಅಷ್ಟು ಇಳಿಸಿದೊಡನೆ ಕೆಮ್ಮಿ ನಿಂತುಬಿಡುತ್ತಿತ್ತು. ಇದು ಹದವಾಗಿ ಗುರುಗುಡುತ್ತ, ಆಕೆಯ ಮಾತು ಕೇಳುತ್ತ, ಒಂದು ಬೊಡ್ಡೆ ಬಳಸಿ, ಇನ್ನೊಂದರ ಪಕ್ಕ ಸವರಿಕೊಂಡು ಒಳಗೆ ಹೋಯಿತು. ಪ್ರತಿ ತಿರುವಿಗೂ ಆಕೆ ಆಲಿಸಿದಳು, ಕೂಗು ಬಂದತ್ತ ತಿರುಗಿಸಿದಳು.

ಮಂಜಿನೊಳಗೆ ಒಂದು ತಲೆ ಕಂಡಿತು. ಮುತ್ತಿನಕೊಪ್ಪದ ವೃಷಭೇಂದ್ರಪ್ಪ! ದನಗಳಿಗೆ ಹುಲ್ಲು ತರಲು ತೆಪ್ಪದಲ್ಲಿ ಹೊರಟಿದ್ದವರು. ತೆಪ್ಪ ಬೊಡ್ಡೆಗೆ ಬಡಿದು ಮಗುಚಿತ್ತು. ಆ ಬೊಡ್ಡೆಯನ್ನೇ ತಬ್ಬಿಕೊಂಡು, ತುಟಿ ನೀಲಿಯಾಗಿ ನಡುಗುತ್ತಿದ್ದರು.

ಹತ್ತಿರವಾಗುತ್ತಲೇ ವನಜಮ್ಮ ಮೋಟಾರು ಪೂರ್ತಿ ಆರಿಸಿದಳು. ನೀರಲ್ಲಿ ಮನುಷ್ಯರಿದ್ದಾಗ ಮೋಟಾರಿನ ರೆಕ್ಕೆ ತಿರುಗಬಾರದು. ಹುಟ್ಟು ಚಾಚಿದಳು. ಸುಬ್ಬಯ್ಯ ತೋಳು ಹಿಡಿದ, ಗುಡ್ಡಮ್ಮ ಪಂಚೆ ಹಿಡಿದಳು. ಅಂತೂ ಅವರನ್ನು ಒಳಗೆ ಎಳೆದುಕೊಂಡರು. ಗುಡ್ಡಮ್ಮ ಹೊದ್ದಿದ್ದ ಕಂಬಳಿಯನ್ನು ಅವರಿಗೆ ಸುತ್ತಿದಳು.

ಸ್ವಲ್ಪ ಹೊತ್ತಿಗೆ ಅವರಿಗೆ ಮಾತು ಬಂತು. "ನಿನ್ನ ದೋಣಿ ಬರೋ ಸದ್ದು ನಂಗೆ ಕೇಳ್ಲೇ ಇಲ್ಲ ತಾಯಿ. ಸೀಟಿ ಕೇಳಿ ಸುಮ್ನೆ ಕೂಗ್ತಾ ಇದ್ದೆ."

"ನಂಗೆ ನಿಮ್ಮ ಸದ್ದು ಕೇಳ್ತಲ್ಲ, ಅಷ್ಟು ಸಾಕು," ಎಂದಳು ವನಜಮ್ಮ.

ಸುದ್ದಿ ಕೇಳಿ ಸಂಜೆ ಯಶವಂತ ಓಡಿ ಬಂದ. "ಅತ್ತಿಗೆ, ಆ ಬೊಡ್ಡೆಗಳ ನಡುವೆ ನಾನಾಗಿದ್ರೆ ಹೋಗ್ತಿರ್ಲಿಲ್ಲ. ಮೋಟಾರು ಒಳ್ಳೇದಿರಬಹುದು, ಆದ್ರೆ ನಡೆಸಿದ್ದು ನೀವು."

ವನಜಮ್ಮ ಮೋಟಾರಿನ ಮೇಲೆ ಕೈಯಿಟ್ಟಳು. "ಹಳೇದರ ಅಬ್ಬರದಲ್ಲಿ ಆ ಕೂಗು ನಂಗೆ ಕೇಳ್ತಿರ್ಲಿಲ್ಲ ಯಶವಂತ. ಇದೇ ಇರ್ಲಿ. ಆಯಿಲ್ ನೋಡೋದು ಹೇಗೆ, ತೋರಿಸು."

ಸುಬ್ಬಯ್ಯ ಗರಗಸ ತಂದು, ಹೊಸ ಹಲಗೆ ಕೊಯ್ದು ದೋಣಿಯ ಹಿಂಬದಿಗೆ ಬಲವಾಗಿ ಕೂರಿಸಿದ. ಮೋಟಾರು ಎತ್ತುವಾಗ ಒಂದು ಬದಿಗೆ ತಾನೂ ಕೈಕೊಟ್ಟ. ಮೋಟಾರಿನ ಬೆಲೆಗೆ ಊರಿನ ಸ್ತ್ರೀಶಕ್ತಿ ಸಂಘದ ಉಳಿತಾಯ ನೆರವಿಗೆ ಬಂತು. ಆ ಹಣ ಕೊಡೋಣವೆಂದು ಸಂಘದಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಗುಡ್ಡಮ್ಮ.

ದೋಣಿ ಇಟ್ಟುಕೊಂಡ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮೋಟಾರು ಕೊಳ್ಳುವ ಮೊದಲು ಎರಡು ನಮೂನೆಯನ್ನೂ ನಿಮ್ಮ ನೀರಿನಲ್ಲೇ ಓಡಿಸಿ ನೋಡಿ. ನಿಮ್ಮ ದೋಣಿ ಎಷ್ಟು ಭಾರ ತಡೆಯುತ್ತದೆ, ಹತ್ತಿರದಲ್ಲಿ ರಿಪೇರಿ ಮಾಡುವವರು ಯಾರಿದ್ದಾರೆ ಎಂದು ವಿಚಾರಿಸಿ. ದಿನವೂ ಜನರನ್ನು ದಾಟಿಸುವ ದೋಣಿಗೆ, ಹಲಗೆ ತಡೆಯುವುದಾದರೆ, ಫೋರ್ ಸ್ಟ್ರೋಕೇ ಮೇಲು. ಸದ್ಯಕ್ಕೆ ಟೂ ಸ್ಟ್ರೋಕೇ ಇದ್ದರೆ ಅಂದಾಜಿಗೆ ಹುಯ್ಯಬೇಡಿ. ಮೋಟಾರಿನ ಪುಸ್ತಕದಲ್ಲಿ ಹೇಳಿದಷ್ಟೇ ಆಯಿಲ್ಲು ಅಳೆದು ಬೆರೆಸಿ, ಒಂದು ತೊಟ್ಟೂ ನೀರಿಗೆ ಚೆಲ್ಲದಂತೆ ತುಂಬಿಸಿ. ನೀವು ದಾಟಿಸುವ ಜನ ಕುಡಿಯುವುದೂ ಅದೇ ನೀರನ್ನು.